ಷರಾ ಕಾಲಮ್ಮಿನಲ್ಲಿ ಬರೆದದ್ದು

ಸಂಶೋಧನಾ ಪತ್ರಿಕೆಯಿಂದ ಉತ್ತರ ಬಂದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದೆ. ರೊಟ್ಟಿ ಮುರಿದ ಕೈಯನ್ನು ಹಾಗೇ ಬಿಟ್ಟು ಎಡಗೈಯಲ್ಲಿ ಮೊಬೈಲ್ ನೋಡಿದೆ. ಎರಡೇ ಸಾಲು. ನಾನು ಕಳಿಸಿದ್ದ ಸಂಶೋಧನಾ ಲೇಖನವನ್ನು ತಜ್ಞರ ಪರಿಶೀಲನೆಗೆ ಕಳಿಸಲಾಗುವುದಿಲ್ಲ, ಕಾರಣ ಲಗತ್ತಿಸಿದ ವರದಿಯಲ್ಲಿದೆ. ವರದಿ ತೆರೆದರೆ ಅದು ನನ್ನದೇ ಲೇಖನ. ಬೇರೆಯವರ ಬರಹಕ್ಕೆ ಹೋಲುವ ಸಾಲುಗಳನ್ನೆಲ್ಲ ಕಂಪ್ಯೂಟರು ಕೆಂಪು ಮಾಡಿತ್ತು. ಪೀಠಿಕೆ ಪೂರಾ ಕೆಂಪು. ಹಿಂದಿನವರು ಮಾಡಿದ ಕೆಲಸದ ಬಗ್ಗೆ ಬರೆದ ಭಾಗವೂ ಕೆಂಪು. ನಾನೇ ಲ್ಯಾಬಿನಲ್ಲಿ ಮಾಡಿದ ಪ್ರಯೋಗದ ಎರಡು ಪುಟ ಮಾತ್ರ ಬೆಳ್ಳಗೆ ಉಳಿದಿದ್ದವು.

ಡಬ್ಬಿ ಮುಚ್ಚಿದೆ. ಬಾಜುವಿನ ಮೇಜಿನವರು "ಯಾಕ್ರಿ ಮೇಡಂ, ಉಣ್ಣಲಿಲ್ಲ?" ಎಂದಾಗ ಹೊಟ್ಟೆ ಸರಿಯಿಲ್ಲ ಅಂದೆ.

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳಲು ಶುರು ಮಾಡಿ ಆಗಲೇ ಒಂಬತ್ತು ವರ್ಷವಾಗಿತ್ತು. ಖಾನಾಪುರದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬೆಳಗಾವಿಗೆ ಬರುವುದು, ಸಂಜೆ ಹೋಗುವುದು. ಕದಿಯುವ ಜನರಲ್ಲ ನಾವು. ದಾರಿಯಲ್ಲಿ ಬಿದ್ದ ಚಿಲ್ಲರೆಯನ್ನೂ ಯಾರದೆಂದು ಕೇಳುವ ಮನೆತನ. ಆದರೆ ಬರೆಯುವ ವಿಷಯದಲ್ಲಿ ನನಗೆ ಕಳವು ಅಂದರೆ ಏನೆಂದೇ ಗೊತ್ತಿರಲಿಲ್ಲ. ನನ್ನ ವಿದ್ಯೆ ಇಷ್ಟೇ: ಬೇರೆಯವರ ಲೇಖನದಲ್ಲಿ ಚೆಂದ ಕಂಡ ಸಾಲನ್ನು ಒಂದು ಫೈಲಿನಲ್ಲಿ ಕೂಡಿಡುವುದು. ಆಮೇಲೆ ಅವನ್ನೆಲ್ಲ ಜೋಡಿಸಿ 'ಇನ್‌ಕ್ರೀಸ್' ಇದ್ದಲ್ಲಿ 'ಎನ್‌ಹ್ಯಾನ್ಸ್' ಹಾಕುವುದು. ನನಗೆ ಕಲಿಸಿದವರೂ ಹಾಗೇ ಬರೆದವರು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತಾಗ ಇದನ್ನೆಲ್ಲ ನೆನೆದು ನನಗೆ ನನ್ನ ಮೇಲೇ ಸಿಟ್ಟು ಬಂತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎರಡು ವಾರ ಕಳೆದು ಹೊಸ ಸೆಮಿಸ್ಟರಿನ ಪಾಠಗಳ ಹಂಚಿಕೆ ನಡೆಯಿತು. 'ಸಂಶೋಧನೆ ಮತ್ತು ತಾಂತ್ರಿಕ ಬರವಣಿಗೆ' ಎನ್ನುವುದು ನಮ್ಮಲ್ಲಿ ಯಾರಿಗೂ ಬೇಡವಾದ ವಿಷಯ. ಅದನ್ನು ಹೇಳುತ್ತಿದ್ದವರು ನಿವೃತ್ತರಾಗಿದ್ದರು. ವಿಭಾಗದ ಮುಖ್ಯಸ್ಥರು ನನ್ನ ಕಡೆ ತಿರುಗಿದರು.

"ಮೇಡಂ, ಇದನ್ನ ನೀವ ತಗೋರಿ. ನಿಮ್ಮ ಇಂಗ್ಲಿಷ್ ಛಲೋ ಐತಿ."

ಅವರಿಗೆ ನನ್ನ ಕೆಂಪು ವರದಿಯ ಸುದ್ದಿ ಗೊತ್ತಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದವಳು "ಆತ್ರಿ ಸರ್" ಅಂದುಬಿಟ್ಟೆ. ಆ ಗಳಿಗೆಯಲ್ಲಿ ಏನು ಯೋಚಿಸಿದೆನೋ ಈಗಲೂ ಸರಿಯಾಗಿ ಹೇಳಲಾರೆ. ಬೇರೆಯವರಿಗೆ ಕಲಿಸಬೇಕಾದರೆ ಮೊದಲು ನಾನು ಕಲಿಯಲೇಬೇಕಾಗುತ್ತದೆ, ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ ಎಂಬುದು ಮಾತ್ರ ತಲೆಯಲ್ಲಿತ್ತು.

ಮೊದಲ ವಾರ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಅವರವರ ಪ್ರಾಜೆಕ್ಟಿನ ಹಿನ್ನೆಲೆ ಎರಡು ಪುಟ ಬರೆದು ತರಲು ಹೇಳಿದೆ. ಆ ಕಾಗದಗಳನ್ನು ಬಸ್ಸಿನಲ್ಲಿ ಓದುತ್ತ ಬರುತ್ತಿದ್ದೆ. ದೇಸೂರು ದಾಟಿದ ಮೇಲೆ ಒಬ್ಬ ಹುಡುಗಿಯ ಬರಹದಲ್ಲಿ ಮೂರನೆಯ ಪ್ಯಾರಾಕ್ಕೆ ಬಂದಾಗ ನನ್ನ ಕೈ ನಿಂತಿತು. ಎರಕದ ಕೆಲಸದ ದೋಷಗಳ ಬಗ್ಗೆ ಇದ್ದ ಆ ಪ್ಯಾರಾ ನನಗೆ ಬಾಯಿಪಾಠವಿತ್ತು. ಅಲ್ಪವಿರಾಮ ಎಲ್ಲಿದೆ ಎನ್ನುವುದೂ ಗೊತ್ತಿತ್ತು. ಮೂಲದಲ್ಲಿ ಒಂದು ಕಾಗುಣಿತದ ತಪ್ಪಿತ್ತು, ಅದೂ ಹಾಗೇ ಇತ್ತು. ನಾನು ಕದ್ದ ಮನೆಗೇ ಅವಳೂ ಕನ್ನ ಹಾಕಿದ್ದಳು.

ಆ ಹುಡುಗಿಯೂ ಖಾನಾಪುರದವಳೇ. ಹತ್ತನೆಯವರೆಗೆ ಕನ್ನಡ ಸಾಲಿ, ಆಮೇಲೆ ಡಿಪ್ಲೊಮಾ ಮಾಡಿ ನಮ್ಮಲ್ಲಿಗೆ ನೇರ ಎರಡನೇ ವರ್ಷಕ್ಕೆ ಬಂದಿದ್ದಳು. ಮಾತು ಕಡಿಮೆ. ಮರುದಿನ ಅವಳನ್ನು ಕರೆಸಿ ಕಾಗದ ಮುಂದಿಟ್ಟೆ.

"ಇದನ್ನ ಎಲ್ಲಿಂದ ತಗೊಂಡಿ?"

"ನಾನ ಬರದೀನ್ರಿ ಮೇಡಂ."

"ಖರೇ ಹೇಳು. ನಾ ಬೈಯಂಗಿಲ್ಲ."

ಅವಳು ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: "ಲೈಬ್ರರ್ಯಾಗಿನ ಹಳೇ ರಿಪೋರ್ಟ್ ನೋಡಿ ಬರದೇನ್ರಿ. ಎಲ್ಲಾ ರಿಪೋರ್ಟನ್ಯಾಗೂ ಇದ ಐತ್ರಿ. ಇದು ಬರೀಬೇಕಾದ್ದು ಅನ್ಕೊಂಡೆ."

ನಾನು ಲೈಬ್ರರಿಗೆ ಹೋಗಿ ಕಪಾಟು ತೆಗೆಸಿದೆ. ಅವಳು ಹೇಳಿದ್ದು ನಿಜ. ಹಿಂದಿನ ಬ್ಯಾಚುಗಳ ನಾಲ್ಕು ರಿಪೋರ್ಟುಗಳಲ್ಲಿ ಅದೇ ಪ್ಯಾರಾ, ಅದೇ ತಪ್ಪು. ಅವುಗಳಲ್ಲಿ ಎರಡಕ್ಕೆ ಮಾರ್ಗದರ್ಶಕಿ ಎಂದು ಸಹಿ ಮಾಡಿದವಳು ನಾನು.

ಮುಂದಿನ ತರಗತಿಯಲ್ಲಿ ನನ್ನ ಕೆಂಪು ವರದಿಯನ್ನು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ತೋರಿಸಿದೆ. ಮೊದಲ ಪುಟದಲ್ಲಿ ನನ್ನ ಹೆಸರು ಇತ್ತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಪುಟ ಸರಿಸಿದಂತೆ ನಗು ನಿಂತಿತು. ಇದು ಹೇಗಾಯಿತು, ಯಾವ ಸಾಲು ಎಲ್ಲಿಂದ ಎತ್ತಿದ್ದು ಎಂದು ಒಂದೊಂದಾಗಿ ಹೇಳಿದೆ. ಕೊನೆಯ ಪುಟದವರೆಗೂ ನಿಲ್ಲಿಸಲಿಲ್ಲ.

"ಮತ್ತ ಈಗೇನ್ ಮಾಡ್ತೀರಿ ಮೇಡಂ?" ಎಂದು ಮುಂದಿನ ಬೆಂಚಿನ ಒಬ್ಬ ಕೇಳಿದ.

"ಮೊದಲಿಂದ ಬರೀತೀನಿ. ನಿಮ್ಮ ಜೋಡೀನ ಕಲೀತೀನಿ."

ಸುದ್ದಿ ಮಧ್ಯಾಹ್ನದೊಳಗೆ ಮುಖ್ಯಸ್ಥರಿಗೆ ಮುಟ್ಟಿತು. ಕರೆಸಿದರು. "ಹುಡುಗರ ಮುಂದ ಇದನ್ನೆಲ್ಲಾ ಹೇಳೂ ಜರೂರ್ ಏನಿತ್ರೀ? ಕಾಲೇಜಿನ ಮರ್ಯಾದಿ ಪ್ರಶ್ನೆ."

"ಸರ್, ಅದ ಪ್ಯಾರಾ ಕಾಪಿ ಹೊಡದ ನಾಕ್ ರಿಪೋರ್ಟ್ ಲೈಬ್ರರ್ಯಾಗ ಇಟ್ಟೂ ಮರ್ಯಾದಿ ಉಳೀತದೇನ್ರಿ?" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗ್ಲಿ. ಮಾಡ್ರಿ ಏನ್ ಮಾಡ್ತೀರಿ. ಆದ್ರ ರಿಪೋರ್ಟ್ ಟೈಮಿಗೆ ಬರಬೇಕು."

ಕಲಿಯುವುದೆಂದರೆ ಎಲ್ಲಿಂದ ಶುರು ಮಾಡಬೇಕು? ನಾನು ನನಗಾಗಿ ಒಂದು ಕಟ್ಟಳೆ ಮಾಡಿಕೊಂಡೆ. ಒಂದು ಲೇಖನ ಓದಬೇಕು. ಓದಿ ಮುಗಿಸಿ ಕಂಪ್ಯೂಟರ್ ಮುಚ್ಚಬೇಕು. ಆಮೇಲೆ ಅವರು ಏನು ಕೇಳಿಕೊಂಡರು, ಹೇಗೆ ಹುಡುಕಿದರು, ಏನು ಕಂಡರು ಎಂದು ನೆನಪಿನಿಂದ ನನ್ನದೇ ಮಾತಿನಲ್ಲಿ ಬರೆಯಬೇಕು. ಕೆಳಗೆ ಯಾರ ಲೇಖನ ಎಂದು ಆಗಲೇ ಗುರುತು ಹಾಕಬೇಕು. ಮೊದಲ ಸಲ ಮುಚ್ಚಿದ ಕಂಪ್ಯೂಟರಿನ ಮುಂದೆ ಪೆನ್ನು ಹಿಡಿದು ಕುಳಿತಾಗ ಒಂದು ಸಾಲೂ ಬರಲಿಲ್ಲ. ನಾನೇ ಐದಾರು ಕಡೆ ಉಲ್ಲೇಖಿಸಿದ್ದ ಲೇಖನ ಅದು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತೇ ಇರಲಿಲ್ಲ! ನಾಲ್ಕು ಸಲ ಓದಿದೆ. ನಾಲ್ಕನೆಯ ಸಲ ಅರ್ಧ ಪುಟ ಬಂತು. ಇಂಗ್ಲಿಷಿನಲ್ಲಿ ಅಲ್ಲ, ಕನ್ನಡ, ಇಂಗ್ಲಿಷ್ ಎರಡೂ ಕಲಸಿದ ಭಾಷೆಯಲ್ಲಿ. ಇರಲಿ ಅಂದುಕೊಂಡೆ. ತರಗತಿಯಲ್ಲೂ ಅದನ್ನೇ ಮಾಡಿಸಿದೆ. ಮರಾಠಿ ಮನೆಮಾತಿನವರು ಮರಾಠಿಯಲ್ಲೇ ಬರೆದುಕೊಂಡರು. ಇಂಗ್ಲಿಷು ಆಮೇಲೆ ಮಾಡಿದರಾಯಿತು, ಮೊದಲು ವಿಷಯ ತಲೆಗೆ ಇಳಿಯಲಿ ಅಂದೆ.

ಆ ಹುಡುಗಿಗೆ ಪ್ರಾಜೆಕ್ಟಿನ ವಿಷಯ ಇತ್ತು, ಪ್ರಶ್ನೆ ಇರಲಿಲ್ಲ. 'ಎರಕದ ದೋಷಗಳ ಅಧ್ಯಯನ' ಎಂದು ಬರೆದಿದ್ದಳು. "ಯಾವ ದೋಷ? ಎಲ್ಲಿ? ನಿನಗ ಯಾಕ ಬೇಕದು?" ಎಂದು ಒತ್ತಿ ಕೇಳಿದೆ. ಆಗ ಹೊರಬಂತು. ಅವಳ ಅಪ್ಪ ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಮರಳಿನ ಅಚ್ಚು ಮಾಡುತ್ತಿದ್ದರು. ಅಲ್ಲಿ ಅದಕ್ಕೆ ಮೋಲ್ಡು ಎನ್ನುತ್ತಾರೆ. ಕರಗಿದ ಕಬ್ಬಿಣ ಸುರಿದಾಗ ಕೆಲವು ಎರಕಗಳಲ್ಲಿ ಗಾಳಿ ಸಿಕ್ಕಿಕೊಂಡು ತೂತು ಬೀಳುತ್ತಿದ್ದವು. ಅವೆಲ್ಲ ರದ್ದು. ಮಳೆಗಾಲದಲ್ಲಿ ಈ ತೂತು ಹೆಚ್ಚು.

"ಮಳಿ ಹತ್ತಿದ್ರ ಅಪ್ಪ ದಿನಾ ಬೈಸ್ಕೊಂಡ್ ಬರ್ತಾರ್ರಿ. ಮರಳು ಹಸಿ ಮಾಡ್ತೀರಿ ಅಂತ ಸೂಪರ್‌ವೈಸರ್ ಬೈತಾರಂತ. ಅಪ್ಪ ನಮ್ಮ ತಪ್ಪಲ್ಲ ಅಂತಾರ."

"ಹಂಗಾದ್ರ ಇದ ನಿನ್ನ ಪ್ರಶ್ನೆ," ಅಂದೆ. "ಮಳಿಗಾಲದಾಗ ತೂತು ಹೆಚ್ಚಾಗೂದು ಮರಳಿನ ಹಸಿಯಿಂದನೋ, ಬ್ಯಾರೆ ಕಾರಣಕ್ಕೋ."

ಇಬ್ಬರೂ ಫೌಂಡ್ರಿಗೆ ಹೋದೆವು. ಮಾಲೀಕರು ತಮ್ಮ ಕಾರ್ಖಾನೆಯ ಹೆಸರು ಎಲ್ಲೂ ಬರಬಾರದು ಎಂದು ಕೇಳಿಕೊಂಡು ಒಪ್ಪಿದರು. ಅವಳ ಅಪ್ಪ ಮೊಣಕೈವರೆಗೆ ಕರಿ ಮರಳು ಮೆತ್ತಿಕೊಂಡೇ ಎದ್ದು ಬಂದರು. "ಬರ್ರಿ ಬಾಯಾರ, ಕುಂದರ್ರಿ" ಎಂದು ಒಂದು ಕಟ್ಟಿಗೆ ಪೆಟ್ಟಿಗೆಯನ್ನು ಒರೆಸಿ ಕೊಟ್ಟರು. ಮಗಳು ಮಾಡಬೇಕಾದ ಕೆಲಸ ವಿವರಿಸಿದೆ. ದಿನಾ ಒಂದು ಹಿಡಿ ಮರಳು ತೂಗಿ, ಒಣಗಿಸಿ, ಮತ್ತೆ ತೂಗುವುದು. ಎಷ್ಟು ಹಸಿ ಇತ್ತು ಎಂದು ಬರೆಯುವುದು. ಆ ದಿನದ ಎರಕಗಳೆಷ್ಟು, ರದ್ದಾದವೆಷ್ಟು ಎಂದು ಬರೆಯುವುದು.

"ಇಷ್ಟ ಏನ್ರಿ?" ಅಂದರು ಅವರು. "ಇದಕ್ಕ ಇಂಜಿನಿಯರಿಂಗ್ ಓದಬೇಕೇನ್ರಿ?"

"ಇಷ್ಟನ್ನ ದಿನಾ ತಪ್ಪದ ಮಾಡಬೇಕಲ್ರಿ ಕಾಕಾ. ಅದ ಕಷ್ಟ."

ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಕೊಟ್ಟೆ. ತಾರೀಖು, ಹಸಿ, ಎರಕ, ರದ್ದು. ಕೊನೆಗೆ ಒಂದು ಅಗಲವಾದ ಕಾಲಮ್ಮಿಗೆ 'ಷರಾ' ಎಂದು ಬರೆದೆ. "ಇಲ್ಲಿ ಏನ್ ಬರೀಲ್ರಿ?" ಎಂದಳು. "ಏನ್ ಕಾಣಿಸ್ತದೋ ಅದು. ಇಂಗ್ಲಿಷ್ ಬ್ಯಾಡ, ಮನಿಯಾಗ ಮಾತಾಡಿದಂಗ ಬರಿ. ಪೆನ್ನಿನಿಂದ ಬರಿ. ತಪ್ಪಾದ್ರ ಒಂದು ಗೀಟು ಹೊಡಿ, ಅಳಸಬ್ಯಾಡ." ಇದನ್ನು ನಾನು ಎಲ್ಲೋ ಓದಿ ಕಲಿತು ಒಂದು ತಿಂಗಳೂ ಆಗಿರಲಿಲ್ಲ.

ಜುಲೈ, ಆಗಸ್ಟ್ ಪೂರಾ ಅವಳು ತರಗತಿ ಮುಗಿದ ಮೇಲೆ ಉದ್ಯಮಬಾಗಕ್ಕೆ ಹೋಗಿ, ಅಪ್ಪನ ಬೈಕಿನ ಹಿಂದೆ ಕುಳಿತು ಊರಿಗೆ ಮರಳುತ್ತಿದ್ದಳು. ಅವಳು ಬರುವ ಮುಂಚಿನ ತೂಕ ಅಪ್ಪನೇ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅವಳಿಗೆ ಜ್ವರ ಬಂದ ದಿನವೂ ಪುಟ ಖಾಲಿ ಉಳಿಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದರೂ ನೋಟ್‌ಬುಕ್ಕಿನ ಅಂಚು ನೆನೆದು ಉಬ್ಬಿತ್ತು.

ಆ ಹೊತ್ತಿಗೆ ನಾನು ಒಂದು ತಪ್ಪು ಮಾಡಿದ್ದೆ. ಮರಳಿನ ಹಸಿಯೇ ಕಾರಣ ಎಂದು ನಂಬಿ, ಅವಳಿಗೆ ಮಾದರಿಯಾಗಲಿ ಎಂದು ಪೀಠಿಕೆಯ ಕರಡು ಬರೆದು ಕೊಟ್ಟಿದ್ದೆ. ಕದ್ದ ಸಾಲು ಒಂದೂ ಇರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಅಂಕಿಗಳನ್ನು ಗ್ರಾಫ್ ಮೇಲೆ ಹಾಕಿದಾಗ ಚುಕ್ಕಿಗಳು ಚೆಲ್ಲಿದ ಸಾಸಿವೆಯ ಹಾಗೆ ಬಿದ್ದವು. ಹಸಿ ಹೆಚ್ಚಿದ್ದ ಒಂದೆರಡು ದಿನ ರದ್ದು ಕಡಿಮೆ ಇತ್ತು. ಹಸಿ ಸರಿಯಾಗಿದ್ದ ಮೂರು ದಿನ ರದ್ದಿನ ರಾಶಿಯೇ ಇತ್ತು.

ಆ ಮೂರು ಚುಕ್ಕಿ ತೆಗೆದರೆ ಉಳಿದವು ಒಂದು ಗೆರೆಯ ಹತ್ತಿರ ಬರುತ್ತಿದ್ದವು. ನನ್ನ ಬೆರಳು ಆ ಮೂರರ ಮೇಲೆ ನಿಂತಿತು.

"ಈ ಮೂರು ದಿನ ತೂಕದಾಗ ಏನರ ಎಡವಟ್ಟಾಗಿರಬೇಕು," ಅಂದೆ. "ಬಿಟ್ಟು ನೋಡೂಣು."

ಅವಳು ತಲೆ ಎತ್ತಿದಳು. "ಬ್ಯಾಡ್ರಿ ಮೇಡಂ. ಆ ಮೂರೂ ದಿನ ತೂಕ ನಾನ ಮಾಡೀನ್ರಿ. ಎರಡೆರಡು ಸಲ."

ನಾಚಿಕೆಯಿಂದ ಮುಖ ತಿರುಗಿಸಿದೆ. ಗೋಡೆಯ ಮೇಲೆ ಕೆಂಪು ಪುಟ ತೋರಿಸಿದ ದಿನ ನಾನು ಬದಲಾಗಿಬಿಟ್ಟೆ ಅಂದುಕೊಂಡಿದ್ದೆ. ಹಳೆಯ ಕೈ ಅಷ್ಟು ಬೇಗ ಬದಲಾಗುವುದಿಲ್ಲ. "ಆತು. ಇರಲಿ. ಆ ಮೂರು ದಿನದಿಂದನ ಶುರು ಮಾಡೂಣು," ಅಂದೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವಳು ನನ್ನ ಬಾಜುವಿಗೆ ಕುಳಿತು ನೋಟ್‌ಬುಕ್ ಬಿಚ್ಚಿದಳು. ಹೊರಗೆ ಮಳೆ ಹೊಡೆಯುತ್ತಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ಇಂಜಿನ್ನಿನ ಸದ್ದಿನ ಮೇಲೆ ಧ್ವನಿ ಏರಿಸಿ ಅವಳು ಷರಾ ಓದತೊಡಗಿದಳು.

"'ಕರೆಂಟ್ ಹೋಗಿತ್ತು. ಕಬ್ಬಿಣ ಕರಗೂದು ತಡಾ ಆತು.'"

"ಎರಡನೇದು?"

"'ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಎಲ್ಲಾರೂ ಕಾಯ್ಕೋತ ಕುಂತಿದ್ರು.'"

"ಮೂರನೇದು?"

ಅವಳು ಪುಟ ತಿರುಗಿಸಿದಳು. ಬೆರಳು ಇಟ್ಟು ನನ್ನ ಕಡೆ ನೋಡಿದಳು. ಅಲ್ಲೂ ಕರೆಂಟ್ ಹೋಗಿತ್ತು.

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಕುಲುಮೆ ನಿಲ್ಲುತ್ತದೆ. ಮುಚ್ಚಿಟ್ಟ ಮೋಲ್ಡುಗಳು ಕಬ್ಬಿಣಕ್ಕಾಗಿ ಗಂಟೆಗಟ್ಟಲೆ ಕಾಯುತ್ತವೆ. ಕಾದಷ್ಟು ಹೊತ್ತೂ, ಎರಕದಲ್ಲಿ ಟೊಳ್ಳು ಉಳಿಯಲೆಂದು ಒಳಗಿಟ್ಟ ಒಣ ಮರಳಿನ ತಿರುಳಿಗೆ ಸುತ್ತಲಿನ ಹಸಿ ಇಳಿಯುತ್ತದೆ. ತೂಗಿದ ಮರಳು ಸರಿಯಾಗಿಯೇ ಇತ್ತು. ಮೋಲ್ಡು ಎಷ್ಟು ಹೊತ್ತು ಕಾದಿತ್ತು ಎಂಬುದನ್ನು ಯಾರೂ ಅಳೆದಿರಲಿಲ್ಲ.

"ಬರಿಯೂಣೇನ್ರಿ ಮೇಡಂ?" ಎಂದಳು, ಕಣ್ಣು ಅರಳಿಸಿ.

"ಇನ್ನಾ ಇಲ್ಲ. ಇದು ನಮಗ ಅನಿಸಿದ್ದು. ಗೊತ್ತಾಗಿದ್ದಲ್ಲ."

ಅವಳಿಗೆ ನಿರಾಸೆಯಾಯಿತು. ಆದರೆ ಅದೇ ವಾರ ನೋಟ್‌ಬುಕ್ಕಿಗೆ ಹೊಸ ಕಾಲಮ್ ಸೇರಿತು. ಮೋಲ್ಡು ಮುಚ್ಚಿದ ಹೊತ್ತು, ಕಬ್ಬಿಣ ಸುರಿದ ಹೊತ್ತು. ಅಪ್ಪ ಪ್ರತಿ ಮೋಲ್ಡಿನ ಪೆಟ್ಟಿಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಹೊತ್ತು ಬರೆದರು. ಜೊತೆಯವರು ನಕ್ಕರಂತೆ. "ನಗ್ಲಿ ಬಿಡ, ನೀ ಬರ್ಕೋ," ಅಂದರಂತೆ ಅವರು. ಸೆಪ್ಟೆಂಬರ್ ಮುಗಿಯುವತನಕ ಹೀಗೇ ನಡೆಯಿತು. ಹೆಚ್ಚು ಕಾದ ಮೋಲ್ಡುಗಳಲ್ಲೇ ಹೆಚ್ಚು ತೂತು ಎಂಬುದು ಈ ಸಲ ಗ್ರಾಫಿನಲ್ಲಿ ಸ್ಪಷ್ಟವಾಗಿ ಕಂಡಿತು. ಪೂರಾ ಅಲ್ಲ. ಒಂದೆರಡು ದಿನ ತಾಸುಗಟ್ಟಲೆ ಕಾದರೂ ಏನೂ ಆಗಿರಲಿಲ್ಲ. ಆ ಚುಕ್ಕಿಗಳನ್ನೂ ಇಟ್ಟೆವು. 'ಇದಕ್ಕೆ ಕಾರಣ ನಮಗೆ ತಿಳಿದಿಲ್ಲ' ಎಂಬ ಸಾಲನ್ನು ಇಂಗ್ಲಿಷಿನಲ್ಲಿ ಬರೆಯಲು ಅವಳು ಹೆದರಿದಳು. ಗೊತ್ತಿಲ್ಲ ಅಂದರೆ ಮಾರ್ಕ್ಸ್ ಹೋಗುತ್ತವೆ ಎಂದು ಒಂದನೇ ಇಯತ್ತೆಯಿಂದ ಕಲಿತು ಬಂದವಳು. ನಾನು ಬಿಡಲಿಲ್ಲ.

ನನ್ನ ಕರಡು ಪೀಠಿಕೆಯನ್ನು ಹರಿದು ಹಾಕಿದೆವು. ಅವಳು ತನ್ನದನ್ನು ಏಳು ಸಲ ಬರೆದಳು. ಮೊದಲ ಸಲದ ವಾಕ್ಯಗಳು ಉದ್ದಕ್ಕೆ ಹರಿದು ಎಲ್ಲೋ ಮುಳುಗುತ್ತಿದ್ದವು. "ಯಾರು ಮಾಡಿದ್ರು? ಏನ್ ಮಾಡಿದ್ರು?" ಎಂದು ಪ್ರತಿ ಸಾಲಿಗೂ ಕೇಳುತ್ತಿದ್ದೆ. ಸಾಲು ಚಿಕ್ಕದಾಗುತ್ತ ಬಂತು. ಒಂದು ದಿನ ಕೆಲಸದ ಕ್ರಮ ವಿವರಿಸುವ ಭಾಗವನ್ನು ಅವಳು ಮನೆಯಲ್ಲಿ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದಳು. ಮರುದಿನ ಅವರು ಬಸ್ ನಿಲ್ದಾಣಕ್ಕೇ ಬಂದರು.

"ಬಾಯಾರ, ತಪ್ಪು ತಿಳ್ಕೋಬ್ಯಾಡ್ರಿ. ಅದ್ರಾಗ ಒಂದು ಹೆಚ್ಚುಕಮ್ಮಿ ಐತಿ."

"ಹೇಳ್ರಿ ಕಾಕಾ."

"ಮೋಲ್ಡ್ ಮುಚ್ಚಿದ ಕೂಡ್ಲೇ ಮ್ಯಾಲ ಭಾರ ಇಡ್ತೀವಿ ಅಂತ ಬರದಾಳ. ನಾವು ಹಂಗ ಇಡಂಗಿಲ್ರಿ. ಕಬ್ಬಿಣ ಸುರುವೂ ಮುಂದ ಇಡ್ತೀವಿ. ಅಲ್ಲೀತನಕ ಸಂದಿ ಇರ್ತದ."

ಹೊರಗಿನ ಹಸಿ ಗಾಳಿ ಒಳಗೆ ಹೋಗುವ ಆ ಸಂದಿಯ ಮಾತು ನಮ್ಮಿಬ್ಬರಿಗೂ ಬಿಟ್ಟುಹೋಗಿತ್ತು. ಮೂರು ತಿಂಗಳು ಅಲ್ಲೇ ನಿಂತು ನೋಡಿದ್ದರೂ ಅವಳು ಅದನ್ನು ಪುಸ್ತಕದಲ್ಲಿ ಇದ್ದಂತೆ ಬರೆದಿದ್ದಳು. ಅಂದೇ ತಿದ್ದಿದೆವು.

ಬೇಸಿಗೆಯಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ರಿಪೋರ್ಟನ್ನು ಕೈಯಲ್ಲಿ ತೂಗಿ ನೋಡಿದರು. ಬೇರೆಯವರವು ದಪ್ಪವಿದ್ದವು, ಇದು ಸಣ್ಣದು.

"ಇಷ್ಟ ಏನು? ಎರಕದ ಇತಿಹಾಸ ಎಲ್ಲೈತಿ?"

ನಾನು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದೆ. ಬಾಯಿ ಹಾಕುವಂತಿಲ್ಲ. ಅವಳು ಚೀಲದಿಂದ ನೋಟ್‌ಬುಕ್ ಹೊರತೆಗೆದಳು.

"ಇತಿಹಾಸ ನಾ ಕಂಡಿಲ್ರಿ ಸರ್. ಕಂಡಿದ್ದಷ್ಟ ಬರದೀನ್ರಿ. ಪ್ರತಿ ಅಂಕಿಗೂ ನೋಟ್‌ಬುಕ್ ಐತ್ರಿ, ಕೊಡ್ಲೇನ್ರಿ?"

ಅವರು ನೋಟ್‌ಬುಕ್ ತೆಗೆದುಕೊಂಡರು. ಐದು ನಿಮಿಷ ಪುಟ ತಿರುವಿದರು. ಷರಾ ಕಾಲಮ್ಮು ಓದುತ್ತಿದ್ದರು. ಆಮೇಲೆ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಎಲ್ಲ ಪ್ರಶ್ನೆಗಳೂ ಮೋಲ್ಡಿನ ಬಗ್ಗೆ, ಕಾಯುವಿಕೆಯ ಬಗ್ಗೆ. ಎರಡಕ್ಕೆ ಅವಳು ಗೊತ್ತಿಲ್ಲ ಅಂದಳು. ಮಾರ್ಕ್ಸ್ ಚೆನ್ನಾಗೇ ಬಂದವು. ಎಲ್ಲರಿಗಿಂತ ಹೆಚ್ಚೇನಲ್ಲ.

ಫೌಂಡ್ರಿಯ ಮಾಲೀಕರು ರಿಪೋರ್ಟನ್ನು ಎರಡು ದಿನ ಇಟ್ಟುಕೊಂಡು ಓದಿದರು. ಈಗ ಅಲ್ಲಿ ಮೋಡ ಕವಿದ ದಿನ ಕುಲುಮೆ ಸಿದ್ಧವಾಗುವತನಕ ಮೋಲ್ಡು ಮುಚ್ಚುವುದಿಲ್ಲ. ತೂತು ಪೂರಾ ನಿಂತಿಲ್ಲ, ಬೈಗುಳ ಕಡಿಮೆಯಾಗಿದೆ ಎಂದು ಅವಳ ಅಪ್ಪ ಹೇಳಿದರು.

ಮುಖ್ಯಸ್ಥರು ನನ್ನನ್ನು ಕರೆದು, "ಮೇಡಂ, ಇದನ್ನ ನೀವು ಪೇಪರ್ ಮಾಡಿ ಕಳಿಸ್ರಿ. ನಿಮ್ಮ ಪ್ರಮೋಶನ್ನಿಗೂ ಆಗ್ತದ," ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ಮಾರ್ಗದರ್ಶಕರ ಹೆಸರು ಮೊದಲು ಹಾಕುವುದು ನಮ್ಮಲ್ಲಿ ರೂಢಿ. "ಕಳಿಸ್ತೀವ್ರಿ. ಅಕಿ ಹೆಸರು ಮೊದಲ," ಅಂದೆ. ಅವರು ಹುಬ್ಬು ಏರಿಸಿದರು, ಬೇಡ ಅನ್ನಲಿಲ್ಲ. ಅವಳ ಅಪ್ಪನಿಗೂ ಅವರ ಜೊತೆಯವರಿಗೂ ಕೃತಜ್ಞತೆ ಹೇಳುವ ಸಾಲನ್ನು ಅವಳೇ ಬರೆದಳು. ಅದನ್ನು ನಾನು ತಿದ್ದಲಿಲ್ಲ.

ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಈ ಸಲ ಕೆಂಪು ಇರಲಿಲ್ಲ. ಇಬ್ಬರು ತಜ್ಞರು ಸೇರಿ ಮೂರು ಪುಟ ಪ್ರಶ್ನೆ ಕಳಿಸಿದ್ದರು. ಈ ಭಾಗ ತೆಗೆಯಿರಿ, ಆ ಲೆಕ್ಕ ಮತ್ತೆ ಮಾಡಿರಿ, ಆ ದಿನಗಳಲ್ಲಿ ಹವೆಯ ತೇವ ಎಷ್ಟಿತ್ತು? ನಮ್ಮ ಹತ್ತಿರ ಹವೆಯ ತೇವದ ಲೆಕ್ಕ ಇರಲಿಲ್ಲ. ಅವಳು ಆಗಲೇ ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸಕ್ಕೆ ಸೇರಿದ್ದಳು. ಫೋನ್ ಮಾಡಿ ಎಲ್ಲ ಹೇಳಿದೆ. ಹವೆಯ ತೇವವನ್ನೂ ಸೇರಿಸಿ ಮತ್ತೆ ಅಳೆಯಲು ಇನ್ನೊಂದು ಮಳೆಗಾಲ ಕಾಯಬೇಕಾಗುತ್ತದೆ, ಬಿಟ್ಟರೂ ನಡೆಯುತ್ತದೆ, ನಿನ್ನ ಇಷ್ಟ ಅಂದೆ.

"ಬಿಡೂದ್ಯಾಕ್ರಿ ಮೇಡಂ? ಮಳಿ ಏನ್ ಬರೂದ ಬಿಡ್ತದೇನ್ರಿ? ಅಪ್ಪಗ ಹೇಳ್ತೀನಿ."

ಈಗ ಜೂನ್ ತಿಂಗಳು. ಖಾನಾಪುರದಲ್ಲಿ ಮೊದಲ ಮಳೆ ಬಿದ್ದು ನಾಲ್ಕು ದಿನವಾಯಿತು. ಹವೆಯ ತೇವ ಅಳೆಯುವ ಒಂದು ಸಣ್ಣ ಗಡಿಯಾರದಂಥ ಸಾಧನವನ್ನು ಕಾಲೇಜಿನ ಲ್ಯಾಬಿನಿಂದ ರಿಜಿಸ್ಟರಿನಲ್ಲಿ ಬರೆದುಕೊಟ್ಟು ತಂದಿದ್ದೇನೆ. ಈ ರವಿವಾರ ಅವಳ ಮನೆಗೆ ಹೋಗಿ ಅದನ್ನು ಫೌಂಡ್ರಿಯಲ್ಲಿ ಎಲ್ಲಿ ತೂಗುಹಾಕಬೇಕು, ಯಾವ ಹೊತ್ತಿಗೆ ನೋಡಬೇಕು ಎಂದು ಅವಳ ಅಪ್ಪನ ಜೊತೆ ಕುಳಿತು ಗೊತ್ತು ಮಾಡಬೇಕು.